‘ಆಡಲಿಲ್ಲ, ನೋಡಿ ಬಂದೆವು’ ಎಂಬ ಸಮಾಧಾನ

ಮುಂಗಾರಿನ ಶೇಂಗಾ ಮಾರಿ, ಅಂಗಡಿಯ ಬಾಕಿ ತೀರಿಸಿ, ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ ಊರು ಬಿಟ್ಟು ನಾಲ್ಕು ದಿನ ತಿರುಗಿ ಬರುವುದು ನಮ್ಮ ಜಗಳೂರು ಸೀಮೆಯ ಹಳೆಯ ರೂಢಿ. ಸೊಕ್ಕೆಯಂಥ ಹೋಬಳಿ ಊರಿನಿಂದ ಹೊರಟ ಶ್ರಾವಕ ಕುಟುಂಬವು ಶ್ರವಣಬೆಳಗೊಳವನ್ನೋ ಹೊಂಬುಜವನ್ನೋ ಮೂಡುಬಿದಿರೆಯನ್ನೋ ಕಂಡು, ದಾರಿಯಲ್ಲಿ ಸಿಕ್ಕ ಜೋಗವನ್ನೂ ಕಡಲನ್ನೂ ನೋಡಿ ಮರಳುತ್ತಿತ್ತು. ಪ್ರವಾಸ ಮತ್ತು ಯಾತ್ರೆ ಎಂಬ ಎರಡು ಮಾತುಗಳ ನಡುವೆ ಆಗ ಹೆಚ್ಚಿನ ಅಂತರವಿರಲಿಲ್ಲ. ಈಗ ದಾರಿ ಬದಲಾಗಿದೆ. ದಾವಣಗೆರೆಗೆ ಬಂದು ರೈಲು ಹಿಡಿದರೆ ಹುಬ್ಬಳ್ಳಿ, ಲೋಂಡಾ, ದೂಧಸಾಗರಗಳನ್ನು ದಾಟಿ ಗೋವೆ. ಮದುವೆಯಾದ ಹೊಸತರಲ್ಲಿ ಒಮ್ಮೆ, ಇಪ್ಪತ್ತೈದನೆಯ ವರ್ಷಕ್ಕೆ ಮತ್ತೊಮ್ಮೆ ಎಂದು ದಂಪತಿಗಳು ಅಲ್ಲಿಗೆ ಹೋಗಿಬರುವುದು ವಾಡಿಕೆಯಾಗಿದೆ. ಹಗಲು ಹಳೆಯ ಗೋವೆಯ ಚರ್ಚುಗಳು, ಸಂಜೆ ಕಡಲ ದಂಡೆ. ರಾತ್ರಿ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಕ್ಯಾಸಿನೋ ಹಡಗು. ಹಿಂತಿರುಗಿದವರನ್ನು ಹಿರಿಯರು ಪ್ರಶ್ನಿಸಿದರೆ ಬರುವ ಉತ್ತರ ಬಹುತೇಕ ಒಂದೇ: ‘ನಾವು ಆಡಲಿಲ್ಲ, ನೋಡಿ ಬಂದೆವು.’

ಈ ಉತ್ತರವನ್ನು ಕೇಳಿ ಹಿರಿಯರೂ ಸಮಾಧಾನ ತಾಳುತ್ತಾರೆ. ಆ ಸಮಾಧಾನಕ್ಕೆ ಆಧಾರವಿಲ್ಲವೆಂಬುದನ್ನು ಸುಜ್ಞ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸ್ಪಷ್ಟೀಕರಣ. ಗಂಡ ಹೆಂಡಿರು ಕೂಡಿ ಪ್ರವಾಸ ಹೋಗುವುದನ್ನು ಈ ಲೇಖಕನು ಆಕ್ಷೇಪಿಸುವುದಿಲ್ಲ. ನಮ್ಮ ವ್ಯಾಪಾರಿ ಮನೆತನಗಳಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಗಂಡನನ್ನೂ ಅಡಿಗೆಮನೆ ಹೆಂಡತಿಯನ್ನೂ ಕಟ್ಟಿಹಾಕಿದ್ದು ನಿಜ. ಬಾಳೆಲ್ಲ ದುಡಿದ ಹೆಣ್ಣುಮಗಳು ನಾಲ್ಕು ದಿನ ಒಲೆಯ ಮುಂದೆ ನಿಲ್ಲದೆ ಕಡಲ ಗಾಳಿಗೆ ಮುಖವೊಡ್ಡಿದರೆ ಅದನ್ನು ಭೋಗವೆಂದು ಜರೆಯುವುದು ಅವಿವೇಕ. ಪರಧರ್ಮೀಯರ ಚರ್ಚು ನೋಡಿದರೆಂದೂ ನಮ್ಮ ಆಕ್ಷೇಪವಿಲ್ಲ; ಅನೇಕಾಂತವನ್ನು ಒಪ್ಪಿದವನಿಗೆ ಅಂಥ ಸಂಕೋಚ ಸಲ್ಲದು. ಆಕ್ಷೇಪವಿರುವುದು ಆ ಒಂದು ರಾತ್ರಿಯ ಬಗೆಗೆ, ಮತ್ತು ಆ ರಾತ್ರಿಗೆ ನಾವು ಹೊದಿಸುವ ‘ನೋಡುವುದು’ ಎಂಬ ಬಿಳಿಯ ಹೊದಿಕೆಯ ಬಗೆಗೆ.

ಅಲ್ಲಿ ನೋಡಲಿರುವುದೇನು? ಗೋವೆಯ ಜೂಜು ನಿಷೇಧದ ಕಾಯ್ದೆ 1976ರದು. 1992ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅನುಮತಿ ದೊರೆಯಿತು. 1996ರ ತಿದ್ದುಪಡಿಯು ನೀರಿನ ಮೇಲಿನ ಹಡಗುಗಳಿಗೆ ಬಾಗಿಲು ತೆರೆಯಿತು. ಹೀಗೆ ನಿಷೇಧದ ಕಾನೂನಿನ ಹೊಟ್ಟೆಯಲ್ಲಿಯೇ ಪರವಾನಗಿ ಹುಟ್ಟಿತು. ನೆಲದ ಮೇಲೆ ಮೇಜು ಹಾಕಿ ಆಡಿಸಿದರೆ ಅಪರಾಧವಾಗುವುದು, ದಡದಿಂದ ಕೂಗಳತೆಯ ದೂರದಲ್ಲಿ ತೇಲುವ ಹಲಗೆಯ ಮೇಲೆ ಉದ್ಯಮವಾಯಿತು. ನದಿಯಿಂದ ಈ ಹಡಗುಗಳನ್ನು ಬೇರೆಡೆಗೆ ಸಾಗಿಸಬೇಕೆಂದು ಪಣಜಿಯ ನಾಗರಿಕರು ಮತ್ತೆ ಮತ್ತೆ ದನಿಯೆತ್ತಿದ್ದಾರೆ. ಸರಕಾರಗಳು ಸ್ಥಳಾಂತರದ ಮಾತಾಡುತ್ತಲೇ ಅವಧಿಯನ್ನು ವಿಸ್ತರಿಸುತ್ತ ಬಂದಿವೆ. ಈ ಮಾಂಡೋವಿ ಬೇರೆ ಯಾವುದೋ ನದಿಯಲ್ಲ; ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಇದರ ನೀರಿಗಾಗಿ ನರಗುಂದ, ನವಲಗುಂದಗಳ ರೈತರು ವರ್ಷಗಟ್ಟಲೆ ಧರಣಿ ಕುಳಿತರು. 2018ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿಕೆ ಮಾಡಿತು. ಒಂದು ನದಿಯ ಮೇಲ್ಭಾಗದಲ್ಲಿ ಕುಡಿಯುವ ನೀರಿಗಾಗಿ ಹೋರಾಡುವ ಜನ, ಅದೇ ನದಿಯ ಕೆಳಭಾಗದಲ್ಲಿ ದುಡಿದ ಹಣವನ್ನು ಸುರಿದು ಬರುವ ಜನ, ಇಬ್ಬರೂ ಕನ್ನಡಿಗರೇ.

ಆ ಹಡಗಿನ ಪ್ರವೇಶ ಶುಲ್ಕದಲ್ಲಿ ಏನೇನು ಸೇರಿದೆಯೆಂಬುದನ್ನು ವರ್ತಕನ ಕಣ್ಣಿನಿಂದ ನೋಡಬೇಕು. ಸಾಮಾನ್ಯವಾಗಿ ಊಟ, ಮದ್ಯ, ನೃತ್ಯ ಸಂಗೀತದ ಮನರಂಜನೆ, ಮತ್ತು ಆಡಲು ಇಂತಿಷ್ಟು ಬೆಲೆಯ ಬಿಲ್ಲೆಗಳು ಒಂದೇ ಚೀಟಿಯಲ್ಲಿ ಸೇರಿರುತ್ತವೆ. ದ್ಯೂತ, ಮಾಂಸ, ಮದ್ಯ ಎಂದು ಸಪ್ತವ್ಯಸನಗಳ ಎಣಿಕೆ ಆರಂಭವಾಗುತ್ತದೆ. ಏಳರಲ್ಲಿ ಮೊದಲ ಮೂರನ್ನು ಒಂದೇ ಸೂರಿನಡಿ, ಒಂದೇ ಚೀಟಿಗೆ ಕೊಡುವ ಇನ್ನೊಂದು ಜಾಗವನ್ನು ಹುಡುಕುವುದು ಕಷ್ಟ. ಇಷ್ಟಾಗಿಯೂ ಪ್ರವಾಸದ ಏಜೆಂಟರು ‘ಜೈನ ಊಟವೂ ದೊರೆಯುತ್ತದೆ’ ಎಂದು ಭರವಸೆ ಕೊಡುವುದುಂಟು. ಆ ಭರವಸೆಯಿಂದ ನಮ್ಮವರು ನಿಶ್ಚಿಂತರಾಗುವುದೂ ಉಂಟು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ತೆಗೆದು, ಸೂರ್ಯಾಸ್ತವಾದ ಮೇಲೆ, ಜೂಜಿನ ಮೇಜಿನ ಪಕ್ಕದಲ್ಲಿ ಬಡಿಸಿದ ಊಟಕ್ಕೆ ‘ಜೈನ’ ಎಂಬ ವಿಶೇಷಣ ಹೇಗೆ ಒಪ್ಪುತ್ತದೆ? ಗೆಡ್ಡೆಯಲ್ಲಿರುವ ಅನಂತ ಜೀವಗಳನ್ನು ನೆನೆಯುವ ನಾವು, ಪಕ್ಕದ ಮೇಜಿನಲ್ಲಿ ಮನೆಯ ಪತ್ರವನ್ನು ಒತ್ತೆಯಿಟ್ಟು ತಂದ ಹಣವನ್ನು ಕಳೆದುಕೊಳ್ಳುತ್ತಿರಬಹುದಾದ ಪಂಚೇಂದ್ರಿಯ ಜೀವನೊಬ್ಬನನ್ನು ನೆನೆಯಲಾರೆವೇ?

‘ಬಿಟ್ಟಿಯಾಗಿ ಕೊಟ್ಟ ಬಿಲ್ಲೆಗಳಿಂದಷ್ಟೇ ಆಡಿದೆವು, ಕೈಯಿಂದ ಹಾಕಲಿಲ್ಲ’ ಎನ್ನುವವರೂ ಇದ್ದಾರೆ. ಆ ಬಿಲ್ಲೆಗಳ ಸ್ವರೂಪವೇನು? ಅವುಗಳನ್ನು ಹಿಂದಿರುಗಿಸಿ ನಗದು ಪಡೆಯಲು ಬಾರದು, ಆಡಿಯೇ ತೀರಬೇಕು. ಅಂಗಡಿಯವನು ಸಕ್ಕರೆಯ ಮಾದರಿ ಕೊಟ್ಟರೆ ಗಿರಾಕಿ ಅದನ್ನು ಮನೆಗೊಯ್ಯಬಹುದು. ಇಲ್ಲಿಯ ಮಾದರಿಯನ್ನು ಮನೆಗೊಯ್ಯುವಂತಿಲ್ಲ, ಅಲ್ಲಿಯೇ ನೆಕ್ಕಬೇಕು. ಎಂದೂ ಆಡದವನ ಕೈಗೆ ಮೊದಲ ಸಲ ಆಟ ಕಲಿಸಲೆಂದೇ ಯೋಜಿಸಿದ ಸಾಧನವದು. ಅಲ್ಲಿಗೆ ‘ನೋಡಲು’ ಬಂದವನು ಆ ಉದ್ಯಮದ ಹೊರಗಿನವನಲ್ಲ, ನಾಳೆಯ ಗಿರಾಕಿ. ಇಂದಿನ ನೋಟಗಾರರಲ್ಲಿಯೇ ನಾಳಿನ ಆಟಗಾರರು ಮೂಡಬೇಕೆಂಬ ಲೆಕ್ಕದಿಂದಲೇ ಊಟವೂ ಸಂಗೀತವೂ ಅಷ್ಟು ಅಗ್ಗವಾಗಿ ಒದಗುತ್ತವೆ.

ಇನ್ನು ಆಟದ ಲೆಕ್ಕ. ಧರ್ಮದ ಮಾತು ರುಚಿಸದವರಿಗೆ ವಾಣಿಜ್ಯದ ಮಾತಾದರೂ ರುಚಿಸೀತು. ರೂಲೆಟ್ ಎಂಬ ತಿರುಗುವ ಚಕ್ರದ ಯುರೋಪಿನ ಮಾದರಿಯಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆಗಳು. ಒಂದು ಅಂಕಿಯ ಮೇಲೆ 100 ರೂಪಾಯಿ ಕಟ್ಟಿ ಗೆದ್ದರೆ 35 ಪಟ್ಟು, ಅಂದರೆ 3,500 ರೂಪಾಯಿ, ಜೊತೆಗೆ ಕಟ್ಟಿದ 100. ಕೇಳಲು ಭಾರೀ ಲಾಭ. ಆದರೆ ಒಬ್ಬನು 37 ಮನೆಗಳ ಮೇಲೂ ನೂರು ನೂರು ಕಟ್ಟಿದನೆನ್ನಿ. ಹೂಡಿದ್ದು 3,700, ಯಾವ ಅಂಕಿ ಬಂದರೂ ಮರಳುವುದು 3,600. ಅದೃಷ್ಟವೆಂಬುದಕ್ಕೆ ಎಳ್ಳಷ್ಟೂ ಎಡೆಯಿಲ್ಲದ ಈ ಲೆಕ್ಕದಲ್ಲಿ ನೂರು ರೂಪಾಯಿ ಮನೆಯ ಒಡೆಯನಿಗೆ ಸಂದಿತು; ಇದು ಶೇಕಡಾ 2.70. ಅಮೆರಿಕದ ಮಾದರಿಯ ಚಕ್ರದಲ್ಲಿ ಸೊನ್ನೆ ಎರಡು, ಮನೆಗಳು 38. ಅಲ್ಲಿ ಈ ಪಾಲು ಶೇಕಡಾ 5.26. ಒಂದು ಸುತ್ತಿಗೆ 500 ರೂಪಾಯಿಯಂತೆ, ಗಂಟೆಗೆ 30 ಸುತ್ತು, ನಾಲ್ಕು ಗಂಟೆ ಆಡಿದರೆ 60,000 ರೂಪಾಯಿಯ ವಹಿವಾಟು. ಸರಾಸರಿಯಲ್ಲಿ ಮೊದಲ ಚಕ್ರ ನುಂಗುವುದು 1,600 ರೂಪಾಯಿಗೂ ಹೆಚ್ಚು, ಎರಡನೆಯದು 3,100ಕ್ಕೂ ಹೆಚ್ಚು. ಒಬ್ಬಿಬ್ಬರು ಗೆದ್ದು ಬರುತ್ತಾರೆ ನಿಜ. ಅವರ ಗೆಲುವಿನ ಸುದ್ದಿಯೇ ಆ ಮನೆಗೆ ಬಿಟ್ಟಿ ಜಾಹೀರಾತು. ಸೋತವನು ಊರಿಗೆ ಬಂದು ಸಾರುವುದಿಲ್ಲ.

‘ವ್ಯಾಪಾರಿಯೂ ನೂರಕ್ಕೆ ಎರಡೋ ಮೂರೋ ಉಳಿಸಿಕೊಳ್ಳುತ್ತಾನಲ್ಲ, ವ್ಯತ್ಯಾಸವೇನು?’ ಎಂದು ಕೇಳುವ ಬುದ್ಧಿವಂತರಿದ್ದಾರೆ. ‘ಮಳೆಯನ್ನು ನಂಬಿ ಬಿತ್ತುವ ಸೊಕ್ಕೆಯ ರೈತನೂ ಜೂಜುಕೋರನೇ’ ಎನ್ನುವವರೂ ಇದ್ದಾರೆ. ಇದು ಬಹಳ ಹಳೆಯ ವಾದ, ಅಷ್ಟೇ ಅಪಾಯಕರವಾದುದು. ಬರಪೀಡಿತವೆಂದು ಹೆಸರಾದ ನಮ್ಮ ತಾಲ್ಲೂಕಿನಲ್ಲಿ ರೈತನಿಗೆ ಅನಿಶ್ಚಯ ತಪ್ಪಿದ್ದಲ್ಲ. ಆದರೆ ಅವನು ಅನಿಶ್ಚಯವನ್ನು ಕೊಂಡು ತಂದವನಲ್ಲ, ಸಹಿಸುವವನು. ಬಿತ್ತನೆಯ ಕಾಳು, ಗೊಬ್ಬರ, ಎತ್ತಿನ ಮೈ, ತನ್ನ ಮೈ ಇವೆಲ್ಲವನ್ನೂ ಸುರಿದು ಆ ಅನಿಶ್ಚಯವನ್ನು ಕಡಿಮೆ ಮಾಡಲು ದುಡಿಯುತ್ತಾನೆ. ಅವನು ಗೆದ್ದರೆ ಸೋಲುವವರು ಯಾರೂ ಇಲ್ಲ. ಒಂದು ಚೀಲ ಶೇಂಗಾ ಲೋಕದಲ್ಲಿ ಹೆಚ್ಚಾಗುತ್ತದೆ. ವ್ಯಾಪಾರಿ ಆ ಚೀಲವನ್ನು ಬೇಡದೆಡೆಯಿಂದ ಬೇಕಾದೆಡೆಗೆ ಸಾಗಿಸಿದ್ದಕ್ಕೆ ಕೂಲಿ ಪಡೆಯುತ್ತಾನೆ. ಕೊಂಡವನು ಎಣ್ಣೆ ತೆಗೆದು ಉಣ್ಣುತ್ತಾನೆ. ಜೂಜಿನ ಮೇಜಿನಲ್ಲಿ ಒಬ್ಬನ ಗೆಲುವೆಂಬುದು ಇನ್ನೊಬ್ಬನ ಸೋಲು. ರಾತ್ರಿಯೆಲ್ಲ ಚಕ್ರ ತಿರುಗಿದರೂ ಒಂದು ಕಾಳು ಹುಟ್ಟುವುದಿಲ್ಲ. ಅಲ್ಲಿ ಅನಿಶ್ಚಯವೇ ಮಾರಾಟದ ಸರಕು. ಈ ಭೇದವನ್ನು ಅರಿಯದವನು ರೈತನನ್ನೂ ಅವಮಾನಿಸುತ್ತಾನೆ, ವ್ಯಾಪಾರವನ್ನೂ ಕೆಡಿಸುತ್ತಾನೆ. ಸರಕಾರದ ತೆರಿಗೆಯ ಪಟ್ಟಿಯೂ ಈ ಭೇದವನ್ನು ಬಲ್ಲದು: ಕ್ಯಾಸಿನೋಗಳ ಮೇಲೆ ಜಿಎಸ್‌ಟಿ ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇಕಡಾ 40ಕ್ಕೆ ಏರಿಸಲಾಯಿತು.

‘ಅಲ್ಲಿ ಅದು ಕಾನೂನುಬದ್ಧವಲ್ಲವೇ?’ ಎಂಬುದು ಮುಂದಿನ ಪ್ರಶ್ನೆ. ಹಡಗಿನಲ್ಲಿ ಆಡಿಸುವ ಆಟಗಳಲ್ಲಿ ಅಂದರ್-ಬಾಹರ್ ಕೂಡ ಇದೆ. ಅದೇ ಆಟವನ್ನು ನಮ್ಮ ಊರಿನ ಹುಣಸೆಮರದ ಕೆಳಗೆ ನಾಲ್ವರು ಕೂಲಿಕಾರರು ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೆಯ ಕಲಮಿನಡಿ ಮೊಕದ್ದಮೆ ಹೂಡಿ, ಚಾಪೆ ಸಮೇತ ಹಣ ಜಪ್ತಿ ಮಾಡುತ್ತಾರೆ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ‘ಊರು ಕೆಟ್ಟಿತು’ ಎಂದು ನಿಟ್ಟುಸಿರಿಡುವ ಸಾಹುಕಾರರೇ ಗಡಿ ದಾಟಿ, ಹವಾನಿಯಂತ್ರಿತ ಹಡಗಿನಲ್ಲಿ ಅದನ್ನು ‘ನೋಡಿ’ ಬಂದರೆ ಪ್ರವಾಸವಾಗುತ್ತದೆ! ನಮ್ಮ ರಾಜ್ಯವು 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ಅದಕ್ಕೆ ಮೊದಲು ಒಂದಂಕಿ ಲಾಟರಿಯ ಅಂಗಡಿಗಳ ಮುಂದೆ ಹಮಾಲರ ದಿನದ ಕೂಲಿ ಮಧ್ಯಾಹ್ನದೊಳಗೆ ಕರಗುತ್ತಿದ್ದುದನ್ನು ದಾವಣಗೆರೆಯ ಮಾರುಕಟ್ಟೆಯನ್ನು ಬಲ್ಲ ವರ್ತಕರೆಲ್ಲ ಕಂಡಿದ್ದಾರೆ. ಆ ಅಂಗಡಿಗಳು ಮುಚ್ಚಿದಾಗ ನಾವೇ ಮೊದಲು ಸಂತೋಷಪಟ್ಟೆವು. ಬಡವನ ಜೂಜು ದುರ್ವ್ಯಸನ, ಉಳ್ಳವನ ಜೂಜು ಆಕರ್ಷಣೆ ಎಂಬ ಭೇದ ಯಾವ ಶ್ರಾವಕಾಚಾರ ಗ್ರಂಥದಲ್ಲಿಯೂ ಇಲ್ಲ.

ಇನ್ನೊಂದು ಸಂಗತಿ ಇನ್ನೂ ವಿಚಾರಣೀಯ. 2020ರ ಫೆಬ್ರವರಿಯಿಂದ ಗೋವೆಯ ಸರಕಾರವು ತನ್ನ ನಿವಾಸಿಗಳು ಕ್ಯಾಸಿನೋ ಪ್ರವೇಶಿಸುವುದನ್ನು ನಿಷೇಧಿಸಿತು. ಯುರೋಪಿನಲ್ಲಿ ಜೂಜಿಗೆ ಜಗತ್ಪ್ರಸಿದ್ಧವಾದ ಮೊನಾಕೊದ ಪ್ರಜೆಗಳಿಗೆ ತಮ್ಮದೇ ಕ್ಯಾಸಿನೋದಲ್ಲಿ ಆಡುವ ಹಕ್ಕಿಲ್ಲ. ನೇಪಾಳದಲ್ಲಿಯೂ ನೇಪಾಳಿ ಪ್ರಜೆಗಳಿಗೆ ಅದು ನಿಷಿದ್ಧ. ತನ್ನ ಮಕ್ಕಳಿಗೆ ಬಡಿಸಲೊಲ್ಲದ ಅಡಿಗೆಯನ್ನು ನೆಂಟನ ಎಲೆಗೆ ಬಡಿಸುವ ಮನೆಯಲ್ಲಿ ಉಣ್ಣಲು ನಾವೇಕೆ ಸಾಲುಗಟ್ಟಿ ನಿಲ್ಲಬೇಕು?

ಶಾಸ್ತ್ರದ ನಿಲುವನ್ನು ಇಲ್ಲಿ ಸ್ಮರಿಸುವುದು ಯುಕ್ತ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅನರ್ಥದಂಡಗಳ ವಿವರಣೆಯ ಸಂದರ್ಭದಲ್ಲಿಯೇ ಜೂಜಿನ ಮಾತೆತ್ತುತ್ತಾರೆ. ಅದು ಅನರ್ಥಗಳಲ್ಲೆಲ್ಲ ಮೊದಲನೆಯದು, ಕಳವು ಮತ್ತು ಸುಳ್ಳುಗಳ ನೆಲೆ ಎಂದು ಹೇಳಿ, ಅದನ್ನು ‘ದೂರದಿಂದಲೇ’ ತ್ಯಜಿಸತಕ್ಕದ್ದೆಂದು ವಿಧಿಸುತ್ತಾರೆ. ಈ ‘ದೂರದಿಂದಲೇ’ ಎಂಬ ಮಾತನ್ನು ಗಮನಿಸಬೇಕು. ಆಡಬಾರದು ಎಂದಷ್ಟೇ ಹೇಳಿ ಆಚಾರ್ಯರು ನಿಲ್ಲಿಸಬಹುದಿತ್ತು; ನಿಲ್ಲಿಸಲಿಲ್ಲ. ಹತ್ತಿರ ಹೋಗಿ ನೋಡಿ ಬರುವವನ ಸಮಾಧಾನಕ್ಕೆ ಸಾವಿರ ವರ್ಷಗಳ ಹಿಂದೆಯೇ ಅವರು ಉತ್ತರ ಬರೆದಿಟ್ಟಿದ್ದಾರೆ. ಇದಲ್ಲದೆ, ಕರ್ಮಾಸ್ರವವು ತಾನು ಮಾಡಿದ್ದರಿಂದ ಮಾತ್ರವಲ್ಲ, ಮಾಡಿಸಿದ್ದರಿಂದಲೂ, ಅನುಮೋದಿಸಿದ್ದರಿಂದಲೂ ಆಗುವುದೆಂಬ ಕೃತ-ಕಾರಿತ-ಅನುಮೋದನೆಗಳ ಪಾಠವನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿಯುತ್ತಾರೆ. ಆಡಲಿಲ್ಲವೆಂಬುದು ಕೃತಕ್ಕೆ ಉತ್ತರವಾಯಿತು. ಹಣ ತೆತ್ತು, ಶೃಂಗರಿಸಿಕೊಂಡು, ಹೋಗಿ, ಕಂಡು ಬೆರಗಾಗಿ, ಬಂದು ಬಣ್ಣಿಸಿದ್ದು ಅನುಮೋದನೆಯಲ್ಲದೆ ಮತ್ತೇನು?

ದಂಪತಿಗಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಸಪ್ತವ್ಯಸನಗಳಿಗೆ ದೃಷ್ಟಾಂತ ಕೊಡುವಾಗ ನಮ್ಮ ಆಚಾರ್ಯರು ಮದ್ಯಕ್ಕೆ ಯಾದವರನ್ನು, ಪರದಾರಕ್ಕೆ ರಾವಣನನ್ನು, ದ್ಯೂತಕ್ಕೆ ಯುಧಿಷ್ಠಿರನನ್ನು ಹೆಸರಿಸಿದ್ದಾರೆ. ಧರ್ಮರಾಜನೆನಿಸಿಕೊಂಡವನ ಹೆಸರನ್ನೇ ಎತ್ತಿಕೊಂಡಿದ್ದು ಆಕಸ್ಮಿಕವಲ್ಲ. ‘ನಾನು ಸಜ್ಜನ, ನನಗೇನಾದೀತು’ ಎನ್ನುವವನಿಗೆ ಅದು ಎಚ್ಚರಿಕೆ. ಆ ಕಥೆಯಲ್ಲಿ ದ್ರೌಪದಿ ಆಟದ ಸಭೆಯ ಹೊರಗಿದ್ದಳು. ಆದ್ದರಿಂದಲೇ, ಎಳೆದು ತರಲ್ಪಟ್ಟಾಗ, ಆ ಸಭೆಯನ್ನು ಪ್ರಶ್ನಿಸುವ ಒಂದು ದನಿ ಉಳಿದಿತ್ತು. ನಮ್ಮ ಮನೆತನಗಳಲ್ಲಿಯೂ ಜೂಜಿನ ಗೀಳು ಹತ್ತಿದ ಗಂಡಸನ್ನು ಕೊನೆಗೆ ತಡೆದು ನಿಲ್ಲಿಸಿದ್ದು ಬಹುಪಾಲು ಹೆಂಡತಿಯ ದನಿಯೇ: ಕೊರಳ ಸರವನ್ನು ಕೊಡಲೊಲ್ಲೆನೆಂದ ದನಿ, ಮಕ್ಕಳ ಶಾಲೆಯ ಶುಲ್ಕವನ್ನು ಡಬ್ಬಿಯಲ್ಲಿ ಬಚ್ಚಿಟ್ಟ ಕೈ. ಹೊಸ ಕಾಲದ ಜೂಜುಮನೆ ಇದನ್ನು ಚೆನ್ನಾಗಿ ಬಲ್ಲದು. ಅದಕ್ಕಾಗಿಯೇ ಗಂಡನೊಬ್ಬನನ್ನು ಕದ್ದು ಬಾ ಎಂದು ಕರೆಯುವುದಿಲ್ಲ. ಜೋಡಿಯಾಗಿ ಬನ್ನಿ, ರಿಯಾಯಿತಿ ಇದೆ ಎನ್ನುತ್ತದೆ. 21 ವರ್ಷ ತುಂಬದವರಿಗೆ ಆಟದ ಸಭಾಂಗಣಕ್ಕೆ ಪ್ರವೇಶವಿಲ್ಲ. ಆದರೆ ಮಕ್ಕಳನ್ನು ಬಿಟ್ಟು ಬರಲಾರದ ತಾಯಿಗಾಗಿ ಮಕ್ಕಳ ಆಟದ ಕೋಣೆಯನ್ನೂ ಹಡಗಿನಲ್ಲಿ ಮಾಡಿಟ್ಟವರುಂಟು. ತಡೆಯುವ ಕೈಗೇ ಒಂದು ಬಿಲ್ಲೆ ಕೊಟ್ಟು ಕೂರಿಸಿದ ಮೇಲೆ ಆ ಮನೆಯಲ್ಲಿ ‘ಸಾಕು’ ಎನ್ನುವವರು ಯಾರು ಉಳಿದರು? ಗಂಡನ ದುಶ್ಚಟಕ್ಕೆ ಹೆಂಡತಿಯನ್ನು ಸಾಕ್ಷಿಯಾಗಿಸುವ ಈ ಏರ್ಪಾಟಿಗೆ ಸಮಾನತೆಯೆಂದೋ ದಾಂಪತ್ಯದ ಸೊಗಸೆಂದೋ ಹೆಸರಿಡುವುದು ನಮ್ಮ ಹೆಣ್ಣುಮಕ್ಕಳ ವಿವೇಕಕ್ಕೆ ಮಾಡುವ ಅಪಚಾರ.

ಅಮೆರಿಕದಲ್ಲಿ ನೆಲಸಿದ ನಮ್ಮ ಮಕ್ಕಳು ಹೆತ್ತವರನ್ನು ಕರೆಸಿಕೊಂಡಾಗ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಜೊತೆಗೆ ಲಾಸ್ ವೇಗಸ್ ನಗರವನ್ನೂ ತೋರಿಸುತ್ತಾರೆ. ನೆವಾಡ ರಾಜ್ಯವು 1931ರಲ್ಲಿ ಜೂಜಿಗೆ ಅಂಗೀಕಾರ ಕೊಟ್ಟ ಮೇಲೆ ಮರಳುಗಾಡಿನಲ್ಲಿ ಬೆಳೆದ ನಗರವದು. ಅಲ್ಲಿಗೆ ಹೋದವರು ‘ಹಳೆಯ ವೇಗಸ್’ ಎಂದು ಫ್ರೀಮಾಂಟ್ ಬೀದಿಯನ್ನೂ, ‘ಹೊಸ ವೇಗಸ್’ ಎಂದು 2023ರಲ್ಲಿ ತೆರೆದ, ಮೈಯೆಲ್ಲ ಬೆಳಕಿನ ತೆರೆಯಾಗಿರುವ ದೊಡ್ಡ ಗೋಳವನ್ನೂ ನೋಡಿ ಬರುತ್ತಾರೆ. ಆದರೆ ಜೂಜಿನ ನಗರದಲ್ಲಿ ‘ಹಳೆಯದು’ ಎಂಬ ಮಾತಿಗೆ ಬೆಲೆಯೆಷ್ಟು? 1957ರಲ್ಲಿ ಕಟ್ಟಿದ ಟ್ರಾಪಿಕಾನಾ ಹೋಟೆಲನ್ನು 2024ರ ಅಕ್ಟೋಬರ್‌ನಲ್ಲಿ ಸ್ಫೋಟಕವಿಟ್ಟು ಉರುಳಿಸಿದರು. 1989ರಲ್ಲಿ ಲೋಕದ ಬೆರಗೆಂದು ತೆರೆದ ಮಿರಾಜ್, 35 ವರ್ಷಕ್ಕೆ, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಗಿರಾಕಿಯ ಕಣ್ಣು ದಣಿದೊಡನೆ ಕಟ್ಟಡ ಬೀಳುತ್ತದೆ, ಇನ್ನೊಂದು ಏಳುತ್ತದೆ. ಒಂದು ಇಂದ್ರಿಯವನ್ನು ಎಷ್ಟು ತಣಿಸಿದರೂ ಅದು ತಣಿಯದೆಂಬ ತತ್ತ್ವಕ್ಕೆ ಆ ನಗರದ ಅವಶೇಷಗಳಿಗಿಂತ ಬೇರೆ ಭಾಷ್ಯ ಬೇಕಿಲ್ಲ.

ಹಳೆಯದನ್ನು ನೋಡುವ ಆಸೆಯಿದ್ದವರು ಗೋವೆಯ ದಾರಿಯಲ್ಲಿಯೇ ನೋಡಬಹುದು. ಬೆಳಗಾವಿಯ ಕೋಟೆಯೊಳಗೆ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇದೆ. ಛತ್ತಿನ ಕಲ್ಲಿನ ತಾವರೆಯ ಕೆಳಗೆ ನೇಮಿನಾಥ ಸ್ವಾಮಿ. ಖಾನಾಪುರ ತಾಲ್ಲೂಕಿನ ಹಲಸಿ, ಅಂದಿನ ಪಲಾಶಿಕಾ, ಕದಂಬರ ಕಾಲದಲ್ಲಿ ಜಿನಾಲಯಗಳಿಗೆ ದತ್ತಿ ಬಿಟ್ಟ ತಾಮ್ರಶಾಸನಗಳಿಗಾಗಿ ಇತಿಹಾಸಜ್ಞರಿಗೆಲ್ಲ ಪರಿಚಿತ. ಇನ್ನು ಗೋವೆಯಲ್ಲಿ? ಪಣಜಿಯ ಹಡಗಿನ ದೀಪಗಳನ್ನು ಬಣ್ಣಿಸುವ ನಮ್ಮವರಲ್ಲಿ ಎಷ್ಟು ಮಂದಿಗೆ ಫೋಂಡಾ ತಾಲ್ಲೂಕಿನ ಬಾಂದಿವಡೆಯಲ್ಲಿ ನೇಮಿನಾಥ ಬಸದಿಯ ಪಾಳು ನಿಂತಿದೆಯೆಂದು ಗೊತ್ತು? ಡಿಚೋಲಿ ತಾಲ್ಲೂಕಿನ ಕುಡ್ನೆಯ ಪಾಳು ಬಸದಿ, ನಾರ್ವೆಯ ಜೈನಕೋಟ್ ಎಂಬ ಹೆಸರು ಎಷ್ಟು ಮಂದಿಯ ಕಿವಿಗೆ ಬಿದ್ದಿವೆ? ಒಂದು ಕಾಲಕ್ಕೆ ಅಭಿಷೇಕದ ಕೊಡ ಹೊತ್ತ ಶ್ರಾವಕಿಯರು ಏರಿದ ಮೆಟ್ಟಿಲಿನ ಮೇಲೆ ಇಂದು ಹುಲ್ಲು ಬೆಳೆಯುತ್ತಿದೆ. ಅಲ್ಲಿಂದ ಕೆಲವೇ ಹರದಾರಿಯಲ್ಲಿ, ಅದೇ ಸಮಾಜದ ಮೊಮ್ಮಕ್ಕಳು ಚಕ್ರ ತಿರುಗುವುದನ್ನು ನೋಡಲು ಹಣ ತೆತ್ತು ಸಾಲಿನಲ್ಲಿ ನಿಂತಿದ್ದಾರೆ.

ಆ ಪಾಳು ಬಸದಿಯ ಸ್ವಾಮಿ ನೇಮಿನಾಥರೆಂಬುದು ಅರ್ಥಪೂರ್ಣ. ಮದುವೆಯ ದಿಬ್ಬಣ ಹೊರಟ ರಾಜಕುಮಾರನು ಅತಿಥಿಗಳ ಊಟಕ್ಕೆಂದು ಕಟ್ಟಿಹಾಕಿದ್ದ ಮೂಕಪ್ರಾಣಿಗಳ ಆರ್ತನಾದವನ್ನು ಕೇಳಿದನು. ‘ಕಟ್ಟಿದವನು ನಾನಲ್ಲ, ಕೊಲ್ಲುವವನು ನಾನಲ್ಲ, ತಿನ್ನುವವನೂ ನಾನಲ್ಲ, ನೋಡಿಕೊಂಡು ಮುಂದೆ ಹೋಗುತ್ತೇನೆ’ ಎಂದನೇ? ತನ್ನ ಸಂಭ್ರಮದ ನೆಪದಲ್ಲಿ ಇನ್ನೊಂದು ಜೀವ ನೋಯುತ್ತಿದೆಯೆಂಬ ಒಂದೇ ಕಾರಣಕ್ಕೆ ರಥವನ್ನು ಹಿಂತಿರುಗಿಸಿದನು. ನಮ್ಮನ್ನು ಯಾರೂ ಗಿರಿನಾರವೇರಲು ಕೇಳುತ್ತಿಲ್ಲ. ಒಂದು ಹಡಗಿನ ಏಣಿಯನ್ನು ಏರಬೇಡಿ ಎಂದಷ್ಟೇ ವಿನಂತಿ.

ಇಷ್ಟು ಹೇಳಿ ಯುವ ದಂಪತಿಗಳನ್ನು ಮಾತ್ರ ದೂರಿದರೆ ಈ ಲೇಖನ ಅರ್ಧಸತ್ಯವಾದೀತು. ಬಸದಿಗಳ ಟ್ರಸ್ಟುಗಳನ್ನು ಕೇಳಬೇಕಾದ ಮಾತು ಅದಕ್ಕಿಂತ ಕಟುವಾದುದು. ಹಬ್ಬದ ಸಮಾರಂಭಗಳಲ್ಲಿ, ಮಹಿಳಾ ಮಂಡಳಿಯ ಕೂಟಗಳಲ್ಲಿ ‘ಹೌಸಿ’ ಆಡಿಸುವುದು, ಜೀರ್ಣೋದ್ಧಾರದ ನಿಧಿಗೆಂದು ‘ಲಕ್ಕಿ ಡ್ರಾ’ ಕೂಪನ್ನುಗಳನ್ನು ಮಾರುವುದು ಕೆಲವೆಡೆ ಸಾಮಾನ್ಯವಾಗಿದೆ. ಮೊತ್ತ ಚಿಕ್ಕದು, ಉದ್ದೇಶ ಧಾರ್ಮಿಕವೆಂಬುದು ಸಮರ್ಥನೆ. ಬಸದಿಯ ಅಂಗಳದಲ್ಲಿ ಹತ್ತು ರೂಪಾಯಿಯ ಚೀಟಿ ಹರಿದು, ತನ್ನ ಅಂಕಿ ಬಂದಾಗ ಕುಣಿದ ಮಗು, ಇಪ್ಪತ್ತು ವರ್ಷದ ಮೇಲೆ ಹಡಗಿನ ಮೇಜಿನೆದುರು ಸಂಕೋಚಪಡುವುದೆಂದು ಯಾವ ಆಧಾರದ ಮೇಲೆ ನಿರೀಕ್ಷಿಸೋಣ? ಅಭಿಷೇಕದ ಸವಾಲಿಗೂ ಇದಕ್ಕೂ ವ್ಯತ್ಯಾಸವಿಲ್ಲವೆನ್ನುವವರು ಯೋಚಿಸಬೇಕು: ಸವಾಲು ಕೂಗಿದವನಿಗೆ ತಾನು ಕೊಡುವುದೆಷ್ಟೆಂದು ಗೊತ್ತು, ಅದು ಮರಳಿ ಬಾರದೆಂದೂ ಗೊತ್ತು, ಅದು ತ್ಯಾಗ. ಕೂಪನ್ನು ಕೊಂಡವನ ಕಣ್ಣು ಬಹುಮಾನದ ಮೇಲೆ. ಅದು ದಾನದ ವೇಷ ತೊಟ್ಟ ಲೋಭ.

ದೀಪಾವಳಿಯ ರಾತ್ರಿಯ ಮಾತೂ ಹಾಗೆಯೇ. ಅದು ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಪರ್ವ; ವೀರನಿರ್ವಾಣ ಸಂವತ್ಸರ ತೊಡಗುವ, ನಾವು ಹೊಸ ಖಾತೆ ಬರೆಯುವ ಕಾಲ. ಪರಿಗ್ರಹವನ್ನೆಲ್ಲ ತೊರೆದ ಮಹಾಪುರುಷನ ನಿರ್ವಾಣದ ನೆನಪಿನಲ್ಲಿ, ‘ವರ್ಷದ ಅದೃಷ್ಟ ನೋಡುತ್ತೇವೆ’ ಎಂದು ಇಸ್ಪೀಟು ಹರಡುವ ಮನೆಗಳು ನಮ್ಮಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಯುವಕರ ಜೇಬಿನೊಳಗಿನ ಫೋನು ಬೇರೆಯೇ ಒಂದು ಹಡಗಾಗಿತ್ತು. ಅಂತರ್ಜಾಲದ ಜೂಜಿನ ವಿರುದ್ಧ ಕರ್ನಾಟಕವು 2021ರಲ್ಲಿ ತಂದ ಕಾನೂನನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಗೀಕರಿಸಿತು. ಕಾನೂನು ಬರುತ್ತದೆ, ಬೀಳುತ್ತದೆ, ಮತ್ತೆ ಬರುತ್ತದೆ. ಅಣುವ್ರತವು ಯಾವ ನ್ಯಾಯಾಲಯದ ತೀರ್ಪಿಗೂ ಕಾಯಬೇಕಾಗಿಲ್ಲ.

ಗೃಹಸ್ಥನ ಲಕ್ಷಣಗಳನ್ನು ಹೇಳಲು ತೊಡಗಿದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಎಲ್ಲಕ್ಕೂ ಮೊದಲು ಇಟ್ಟಿರುವುದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ, ದಾನ, ಸ್ವಾಧ್ಯಾಯಗಳೆಲ್ಲ ಆಮೇಲೆ. ‘ಕಟ್ಟುನಿಟ್ಟು ಮಾಡಿದರೆ ದಾನಿಗಳು ದೂರವಾಗುತ್ತಾರೆ’ ಎಂದು ಟ್ರಸ್ಟಿನವರು ಅಳುಕುವುದುಂಟು. ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ನಾಡು ಇದು. ಆಕೆ ದಾನಚಿಂತಾಮಣಿಯೆನಿಸಿದ್ದು ಚೀಟಿ ಎತ್ತಿ ಅಲ್ಲ. ಜೂಜಿನ ಹಣವಿಲ್ಲದೆ ಏಳದ ಶಿಖರ ಏಳದೆಯೇ ಇರಲಿ.

ಆದ್ದರಿಂದ ಟ್ರಸ್ಟುಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಮೂರು. ಮುಂದಿನ ದೀಪಾವಳಿಯೊಳಗೆ, ಬಸದಿಯ ಆವರಣದಲ್ಲಿ ಮತ್ತು ಬಸದಿಯ ಹೆಸರಿನಲ್ಲಿ ಹೌಸಿ, ಲಕ್ಕಿ ಡ್ರಾ ಮೊದಲಾದ ಅದೃಷ್ಟದಾಟಗಳನ್ನು ನಡೆಸುವುದಿಲ್ಲವೆಂದು ನಿರ್ಣಯಿಸಿ ಫಲಕದಲ್ಲಿ ಬರೆದು ಹಾಕುವುದು. ಸಮಾಜದ ಆಶ್ರಯದಲ್ಲಿ ಹೊರಡುವ ಯಾವ ಪ್ರವಾಸದ ಪಟ್ಟಿಯಲ್ಲಿಯೂ, ‘ಐಚ್ಛಿಕ’ವೆಂಬ ಹೆಸರಿನಲ್ಲಿಯೂ, ಕ್ಯಾಸಿನೋಗೆ ಎಡೆಗೊಡದಿರುವುದು. ಗೋವೆಗೆ ಹೊರಟ ತಂಡಗಳ ಪಟ್ಟಿಗೆ ಕಮಲ ಬಸದಿ, ಹಲಸಿ, ಬಾಂದಿವಡೆಗಳನ್ನು ಕಡ್ಡಾಯವಾಗಿ ಸೇರಿಸುವುದು. ದಂಪತಿಗಳಲ್ಲಿ ಒಂದೇ ವಿನಂತಿ. ಪಣಜಿಗೆ ಹೋಗಿ, ಕಡಲನ್ನು ನೋಡಿ, ಚರ್ಚುಗಳನ್ನು ನೋಡಿ. ಆ ರಾತ್ರಿಯ ಪ್ರವೇಶ ಶುಲ್ಕವನ್ನು ಉಳಿಸಿಕೊಂಡು ಮರುದಿನ ಬೆಳಗ್ಗೆ ಬಾಂದಿವಡೆಗೆ ಹೊರಡಿ. ಅಲ್ಲಿ ಟಿಕೆಟ್ಟಿಲ್ಲ, ದೀಪಾಲಂಕಾರವಿಲ್ಲ. ಕಲ್ಲಿನ ಗೋಡೆಯ ಮೇಲಿನ ಹುಲ್ಲನ್ನು ಬದಿಗೆ ಸರಿಸಿ, ಇಬ್ಬರೂ ಐದು ನಿಮಿಷ ನಿಂತು ಣಮೋಕಾರ ಹೇಳಿ ಬನ್ನಿ. ‘ನೋಡಿ ಬಂದೆವು’ ಎಂದು ಆಗ ಹಿರಿಯರ ಮುಂದೆ ತಲೆಯೆತ್ತಿ ಹೇಳಬಹುದು.